ವಾಲ್ವ್‌ಗಿಂತ ಮೊದಲು ಅಳತೆ: ಟಾವಿಗೆ ಹೊರಟ ಮನೆಯವರಿಗೆ ಕಿವಿಮಾತು

ಅಪ್ಪನಿಗೋ ಅತ್ತೆಗೋ ಹೃದಯದ ಮುಖ್ಯ ವಾಲ್ವ್ ಬಿಗಿದುಕೊಂಡಿದೆ, ಆದರೆ ಎದೆ ಕೊಯ್ಯಬೇಕಿಲ್ಲ, ತೊಡೆಸಂದಿನ ರಕ್ತನಾಳದಿಂದಲೇ ಹೊಸ ವಾಲ್ವ್ ಕೂರಿಸಬಹುದು ಎಂದು ವೈದ್ಯರು ಹೇಳಿದ ದಿನ ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ಅಂದಿನಿಂದ ಈ ವಿಧಾನದ ಹೆಸರು ‘ಟಾವಿ’ ಮನೆಯ ಮಾತಾಗುತ್ತದೆ. ವಾಲ್ವ್ ಯಾವ ಕಂಪನಿಯದು, ಎಷ್ಟು ಲಕ್ಷ, ಎಷ್ಟು ದಿನಕ್ಕೆ ಮನೆಗೆ ಕಳಿಸುತ್ತಾರೆ ಎಂದು ಎಲ್ಲರೂ ವಿಚಾರಿಸುತ್ತಾರೆ. ಅದಕ್ಕೂ ಮುಂಚೆ ಬರೆದುಕೊಟ್ಟ ಸಿ.ಟಿ. ಸ್ಕ್ಯಾನ್ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ರಕ್ತಪರೀಕ್ಷೆ, ಎಕ್ಸ್‌ರೇ ಜೊತೆಗೆ ಅದೂ ಒಂದು ಎಂದುಕೊಂಡು ಮುಗಿಸಿಬಿಡುತ್ತಾರೆ.

ಹೃದಯದ ಸಿ.ಟಿ. ಚಿತ್ರಗಳನ್ನು ಓದುತ್ತಲೇ ನಾನು ನಿವೃತ್ತಿಯ ವಯಸ್ಸಿಗೆ ಬಂದೆ. ಆ ಅನುಭವದಿಂದ ಹೇಳುತ್ತಿದ್ದೇನೆ. ಎದೆ ತೆರೆದು ಮಾಡುವ ಆಪರೇಷನ್‌ನಲ್ಲಿ ಸರ್ಜನ್ ಹಾಳಾದ ವಾಲ್ವನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ಅಳತೆಯ ಸಾಧನ ಇಟ್ಟು ನೋಡಿ, ಹೊಂದುವ ವಾಲ್ವ್ ಹೊಲಿಯುತ್ತಾರೆ. ಟಾವಿಯಲ್ಲಿ ಆ ಜಾಗವನ್ನು ಯಾರೂ ಕಣ್ಣಾರೆ ಕಾಣುವುದಿಲ್ಲ. ಹಳೆಯ ವಾಲ್ವ್ ಇದ್ದಲ್ಲೇ ಇರುತ್ತದೆ, ಹೊಸದು ಅದನ್ನು ಪಕ್ಕಕ್ಕೆ ಒತ್ತಿ ಅರಳಿ ಕೂರುತ್ತದೆ. ಪೂರ್ತಿ ಅರಳಿದ ಮೇಲೆ ಸೈಜು ಸರಿಯಿಲ್ಲ ಎಂದು ಬಿಚ್ಚಿ ತೆಗೆಯುವಂತಿಲ್ಲ. ಆದ್ದರಿಂದ ಅಳೆಯುವ ಕೆಲಸವೆಲ್ಲ ಮೊದಲೇ ಮುಗಿದಿರಬೇಕು. ಅದು ಮುಗಿಯುವುದು ಈ ಸಿ.ಟಿ.ಯಲ್ಲಿ. ವಾಲ್ವ್ ಬಗ್ಗೆ ವಿಚಾರಿಸುವಷ್ಟೇ ಕಾಳಜಿಯಿಂದ ಈ ಸ್ಕ್ಯಾನ್ ಬಗ್ಗೆಯೂ ವಿಚಾರಿಸಿ ಎಂಬುದೇ ನನ್ನ ಮಾತಿನ ಸಾರ.

ಸ್ಕ್ಯಾನ್‌ಗೆ ಹೋಗುವ ಮೊದಲು

• ಕಾಯಿಲೆ ಏನೆಂದು ಸರಿಯಾಗಿ ತಿಳಿದುಕೊಳ್ಳಿ. ಹೃದಯದಿಂದ ದೇಹಕ್ಕೆಲ್ಲ ರಕ್ತ ಹೊರಡುವ ದೊಡ್ಡ ನಾಳ ಮಹಾಪಧಮನಿ. ಅದರ ಬುಡದಲ್ಲಿರುವ ಮೂರು ಎಸಳಿನ ವಾಲ್ವ್ ಆರೋಗ್ಯವಂತರಲ್ಲಿ ಸುಮಾರು 3ರಿಂದ 4 ಚದರ ಸೆಂ.ಮೀ. ತೆರೆದುಕೊಳ್ಳುತ್ತದೆ. ವಯಸ್ಸಾದಂತೆ ಎಸಳುಗಳಿಗೆ ಸುಣ್ಣ, ಅಂದರೆ ಕ್ಯಾಲ್ಸಿಯಂ, ಕಟ್ಟಿ ಅದು 1 ಚದರ ಸೆಂ.ಮೀ.ಗಿಂತ ಕಿರಿದಾದರೆ ತೀವ್ರ ಎನ್ನುತ್ತೇವೆ. ಎಕೊ ವರದಿಯಲ್ಲಿ ರಕ್ತದ ವೇಗ ಸೆಕೆಂಡಿಗೆ 4 ಮೀಟರ್ ಅಥವಾ ಹೆಚ್ಚು, ಸರಾಸರಿ ಒತ್ತಡದ ಅಂತರ 40 ಅಥವಾ ಹೆಚ್ಚು ಎಂದಿದ್ದರೂ ಅದೇ ಅರ್ಥ. ಈ ಮೂರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ. ಯಾವ ವೈದ್ಯರ ಮುಂದೆ ಕೂತರೂ ಮೊದಲು ಕೇಳುವುದು ಅವನ್ನೇ.

• ಹಾಲು, ರಾಗಿ ಬಿಡಿಸಬೇಡಿ. ‘ಕ್ಯಾಲ್ಸಿಯಂ ಕಟ್ಟಿದೆ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅನೇಕ ಮನೆಗಳಲ್ಲಿ ಅಜ್ಜಿಯ ಲೋಟದ ಹಾಲು, ಅಜ್ಜನ ಮುದ್ದೆ ನಿಂತುಹೋಗುತ್ತವೆ. ವಾಲ್ವಿನ ಸುಣ್ಣ ಊಟದಿಂದ ಬಂದದ್ದಲ್ಲ. ಊಟ ಬಿಡಿಸಿದರೆ ಅದು ಕರಗುವುದೂ ಇಲ್ಲ, ಮೊದಲೇ ಸೊರಗಿದ ದೇಹ ಇನ್ನಷ್ಟು ಸೊರಗುತ್ತದೆ. ಕ್ಯಾಲ್ಸಿಯಂ ಮಾತ್ರೆ ನುಂಗುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಿ, ಅವರು ತೀರ್ಮಾನಿಸಲಿ.

• ಹಳೆಯ ಸಿ.ಟಿ. ಇದೆಯಲ್ಲ ಎಂದು ವಾದ ಮಾಡಬೇಡಿ. ಕೆಮ್ಮಿಗೆಂದು ಮಾಡಿಸಿದ ಎದೆಯ ಸಿ.ಟಿ.ಯಲ್ಲಿ ಬಡಿಯುವ ಹೃದಯ ಮಸುಕಾಗಿ ಬಂದಿರುತ್ತದೆ. ಟಾವಿಗೆ ಬೇಕಾದದ್ದು ಇಸಿಜಿ ತಂತಿ ಜೋಡಿಸಿ, ಹೃದಯದ ಬಡಿತಕ್ಕೆ ಹೊಂದಿಸಿ, 1 ಮಿ.ಮೀ. ಅಥವಾ ಅದಕ್ಕಿಂತ ತೆಳುವಾದ ಪದರಗಳಲ್ಲಿ ತೆಗೆದ ಚಿತ್ರ. ಜೊತೆಗೆ ಕತ್ತಿನ ಬುಡದಿಂದ ತೊಡೆಯ ಮೇಲ್ಭಾಗದವರೆಗೆ ರಕ್ತನಾಳಗಳ ದಾರಿಯೂ ಕಾಣಬೇಕು. ಹೃದಯ ಸಿ.ಟಿ. ತಜ್ಞರ ಅಂತರರಾಷ್ಟ್ರೀಯ ಸಂಘ 2012ರಲ್ಲಿ ಇದಕ್ಕೊಂದು ಕ್ರಮ ಹಾಕಿಕೊಟ್ಟು 2019ರಲ್ಲಿ ಅದನ್ನು ಪರಿಷ್ಕರಿಸಿತು. ಹಳೆಯ ಚಿತ್ರಗಳನ್ನು ಹೋಲಿಸಿ ನೋಡಲು ಕೊಡಿ, ಹೊಸದಕ್ಕೆ ಬದಲಾಗಿ ಅಲ್ಲ.

• ಎಲ್ಲಿ ಮಾಡಿಸಬೇಕೆಂದು ಟಾವಿ ಮಾಡುವ ತಂಡವನ್ನೇ ಕೇಳಿ. ಎಕೊ, ರಕ್ತಪರೀಕ್ಷೆಗಳನ್ನು ಊರಿಗೆ ಹತ್ತಿರದಲ್ಲೇ ಮಾಡಿಸಬಹುದು. ಬೆಂಗಳೂರಿನ ಜಯದೇವ ಸಂಸ್ಥೆಗೆ ಮೈಸೂರು, ಕಲಬುರಗಿಗಳಲ್ಲೂ ಆಸ್ಪತ್ರೆಗಳಿವೆ. ಈ ಸಿ.ಟಿ. ಮಾತ್ರ ಕಡಿಮೆ ದರ ಎಂಬ ಒಂದೇ ಕಾರಣಕ್ಕೆ ಎಲ್ಲೋ ಮಾಡಿಸುವಂಥದ್ದಲ್ಲ. ಸರಿಯಾದ ಕ್ರಮದಲ್ಲಿ ತೆಗೆಯದ ಚಿತ್ರ ಉಪಯೋಗಕ್ಕೆ ಬಾರದೆ ಎರಡನೇ ಸಲ ಮಾಡಿಸಬೇಕಾಗಿ ಬಂದರೆ ಹಣದ ಜೊತೆಗೆ ಹಿರಿಯರ ಕಿಡ್ನಿಯೂ ಬೆಲೆ ತೆರಬೇಕಾಗುತ್ತದೆ.

• ಕಿಡ್ನಿಯ ರಕ್ತಪರೀಕ್ಷೆ ಹೊಸದಿರಲಿ. ರಕ್ತನಾಳಗಳು ಎದ್ದು ಕಾಣಲೆಂದು ಅಯೋಡಿನ್ ಇರುವ ‘ಡೈ’ ಕೊಡುತ್ತಾರೆ, ಸಾಮಾನ್ಯವಾಗಿ 50ರಿಂದ 100 ಮಿ.ಲೀ. ಅದು ದೇಹದಿಂದ ಹೊರಹೋಗುವುದು ಕಿಡ್ನಿಯ ಮೂಲಕ. ಕ್ರಿಯಾಟಿನಿನ್ ಹೆಚ್ಚಿದೆ ಎಂದ ಮಾತ್ರಕ್ಕೆ ಎದೆಗುಂದಬೇಡಿ. ಡೈ ಪ್ರಮಾಣ ಇಳಿಸಿ ಸ್ಕ್ಯಾನ್ ಮಾಡುವ ವಿಧಾನಗಳಿವೆ. ಕೆಲವರಲ್ಲಿ ಡೈ ಇಲ್ಲದ ಎಂಆರ್‌ಐ ಅಥವಾ ಅನ್ನನಾಳದೊಳಗಿನಿಂದ ಮಾಡುವ ತ್ರಿವಿಮ ಎಕೊ ಕೂಡ ನೆರವಿಗೆ ಬರುತ್ತದೆ. ಡೈ ಹೊರಹೋಗಲೆಂದು ಚೊಂಬುಗಟ್ಟಲೆ ನೀರು ಕುಡಿಸುವುದು ಎಲ್ಲರಿಗೂ ಸರಿಯಲ್ಲ. ಹೃದಯ ದುರ್ಬಲವಾಗಿರುವವರಿಗೆ ಆ ನೀರೇ ಶ್ವಾಸಕೋಶಕ್ಕೆ ಏರಬಹುದು. ಎಷ್ಟು ಕುಡಿಯಬೇಕೆಂದು ವೈದ್ಯರಿಂದ ಕೇಳಿ ಬರೆಸಿಕೊಳ್ಳಿ.

• ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮೆಟ್‌ಫಾರ್ಮಿನ್ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಿಡ್ನಿ ಚೆನ್ನಾಗಿರುವವರಿಗೆ ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಕಿಡ್ನಿ ತೀರಾ ಕುಂದಿದ್ದರೆ ಸ್ಕ್ಯಾನ್ ನಂತರ 48 ಗಂಟೆ ನಿಲ್ಲಿಸಿ, ಮತ್ತೆ ರಕ್ತ ಪರೀಕ್ಷಿಸಿ ಶುರುಮಾಡಿಸುತ್ತಾರೆ. ನಿಮ್ಮ ಹಿರಿಯರು ಯಾವ ಗುಂಪಿಗೆ ಸೇರಿದವರು ಎಂಬುದನ್ನು ವೈದ್ಯರು ಹೇಳಲಿ.

• ಅಲರ್ಜಿ ವಿಷಯ ಮುಚ್ಚಿಡಬೇಡಿ. ಹಿಂದೆ ಆಂಜಿಯೊಗ್ರಾಂ ಮಾಡಿದಾಗ ಮೈ ದದ್ದೆದ್ದಿದ್ದರೆ, ಉಬ್ಬಸ ಬಂದಿದ್ದರೆ ಖಂಡಿತ ಹೇಳಿ. ಮೊದಲೇ ಔಷಧಿ ಕೊಟ್ಟು, ಎಚ್ಚರ ವಹಿಸಿ ಮಾಡುತ್ತಾರೆ. ಕರಾವಳಿಯವರು ಸಿಗಡಿ, ಏಡಿ ತಿಂದರೆ ಆಗದು ಎಂಬ ಕಾರಣಕ್ಕೆ ಡೈ ಬೇಡವೆನ್ನುವುದುಂಟು. ಅದನ್ನೂ ಹೇಳಿ, ಆದರೆ ಸಿಗಡಿಯ ಅಲರ್ಜಿಗೂ ಡೈಗೂ ನೇರ ನಂಟಿಲ್ಲ. ಆ ಹೆದರಿಕೆಗೆ ಸ್ಕ್ಯಾನ್ ಬಿಡಬೇಡಿ. ಥೈರಾಯ್ಡ್ ತೊಂದರೆ ಇದ್ದರೆ ಅದನ್ನೂ ತಿಳಿಸಿ.

• ವಿಮೆ ಇದ್ದರೆ ದಿನಾಂಕ ನೋಡಿಕೊಳ್ಳಿ. ಆಸ್ಪತ್ರೆ ಸೇರುವ ಮುಂಚಿನ 30 ಅಥವಾ 60 ದಿನಗಳ ಪರೀಕ್ಷಾ ಖರ್ಚನ್ನು ಅನೇಕ ಪಾಲಿಸಿಗಳು ಕೊಡುತ್ತವೆ. ಸಿ.ಟಿ. ಆಗಿ, ಟಾವಿ ಅದಕ್ಕಿಂತ ಮುಂದೆ ಹೋದರೆ ಆ ಬಿಲ್ಲು ಕೈಯಿಂದಲೇ ಹೋಗುತ್ತದೆ. ಬಿಲ್, ವೈದ್ಯರ ಚೀಟಿ, ವರದಿ ಮೂರನ್ನೂ ಒಟ್ಟಿಗೆ ಪಿನ್ ಮಾಡಿಡಿ.

ಸ್ಕ್ಯಾನ್ ದಿನ

• ರಾತ್ರಿ ಬಸ್ಸಿನಿಂದ ಇಳಿದು ನೇರ ಸ್ಕ್ಯಾನ್ ಕೋಣೆಗೆ ಕರೆತರಬೇಡಿ. ನಿದ್ದೆಗೆಟ್ಟ, ಹಸಿದ, ನೀರು ಕುಡಿಯದ ಎಂಬತ್ತರ ಜೀವಕ್ಕೆ ರಕ್ತದೊತ್ತಡ ತಟ್ಟನೆ ಇಳಿಯುತ್ತದೆ. ಬಿಗಿದ ವಾಲ್ವ್ ಇರುವವರು ಅದನ್ನು ತಾಳಿಕೊಳ್ಳುವುದು ಕಷ್ಟ. ಸಾಧ್ಯವಾದರೆ ಹಿಂದಿನ ದಿನವೇ ಬಂದು ಉಳಿದುಕೊಳ್ಳಿ. ಉಪವಾಸ ಎಷ್ಟು ಗಂಟೆ ಎಂದು ಮೊದಲೇ ಕೇಳಿ. ‘ಖಾಲಿ ಹೊಟ್ಟೆ’ ಎಂದರೆ ಹಿಂದಿನ ರಾತ್ರಿಯಿಂದ ಎಂದು ತಿಳಿದು ಸಕ್ಕರೆ ಕಾಯಿಲೆಯವರನ್ನು ಮಧ್ಯಾಹ್ನದವರೆಗೆ ಹಸಿದಿರಿಸುವುದು ಅಪಾಯ. ಬೆಳಗಿನ ಬಿ.ಪಿ. ಮಾತ್ರೆಯ ಬಗ್ಗೆಯೂ ಕೇಳಿ. ಕಾಫಿ ಆ ದಿನ ಬೇಡ, ಬಡಿತ ಏರುತ್ತದೆ.

• ಒಡವೆ, ಲೋಹ ಮನೆಯಲ್ಲೇ ಬಿಡಿಸಿ. ಕತ್ತಿನ ಸರ, ರವಿಕೆಯ ಪಿನ್ನು ಎಲ್ಲರಿಗೂ ನೆನಪಾಗುತ್ತದೆ. ಸೊಂಟದ ಬೆಳ್ಳಿಯ ಉಡಿದಾರ ನೆನಪಾಗುವುದಿಲ್ಲ. ಲೋಹ ಇದ್ದ ಕಡೆ ಚಿತ್ರದಲ್ಲಿ ಗೆರೆ ಗೆರೆಯಾಗಿ ಮಿಂಚು ಹೊಡೆಯುತ್ತದೆ. ಉಡಿದಾರ ಇರುವ ಮಟ್ಟದಲ್ಲೇ ಹೊಸ ವಾಲ್ವ್ ಹಾದುಹೋಗಬೇಕಾದ ರಕ್ತನಾಳಗಳಿವೆ. ತಾಳಿ ತೆಗೆಯಲು ಅಜ್ಜಿ ಒಪ್ಪದಿದ್ದರೆ ಜೋರು ಮಾಡಬೇಡಿ. ಅರಿಶಿನದ ಕೊಂಬು ಕಟ್ಟಿದ ದಾರವನ್ನು ಹಿಂದಿನ ದಿನವೇ ಮನೆಯಲ್ಲಿ ಹಾಕಿಸಿ ಕರೆತನ್ನಿ, ಅವರ ಮನಸ್ಸಿಗೂ ಸಮಾಧಾನ.

• ಮಲಗಿ, ಕೈ ಮೇಲೆತ್ತುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ. ಸ್ಕ್ಯಾನ್ ಮೇಜಿನ ಮೇಲೆ ಅಂಗಾತ ಮಲಗಿ ಎರಡೂ ಕೈ ತಲೆಯ ಮೇಲಕ್ಕೆ ಚಾಚಿ ಅಲುಗಾಡದೆ ಇರಬೇಕು. ಭುಜ ಹಿಡಿದುಕೊಂಡವರಿಗೆ ಇದು ದೊಡ್ಡ ಕಷ್ಟ. ಎರಡು ದಿಂಬಿಲ್ಲದೆ ಮಲಗಿದರೆ ಉಸಿರು ಕಟ್ಟುವವರೂ ಇದ್ದಾರೆ. ಅಂಥವರಿದ್ದರೆ ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ಹೇಳಿ. ಮೊದಲು ಔಷಧಿಯಿಂದ ಉಸಿರಾಟ ಸುಧಾರಿಸಿ ಆಮೇಲೆ ಕರೆಸುತ್ತಾರೆ. ಮೂತ್ರ ಹೋಗುವ ಮಾತ್ರೆ ತೆಗೆದುಕೊಂಡಿದ್ದರೆ ಒಳಗೆ ಹೋಗುವ ಮುನ್ನ ಒಮ್ಮೆ ಬಾತ್‌ರೂಮಿಗೆ ಕರೆದೊಯ್ಯಿರಿ.

• ಉಸಿರು ಹಿಡಿಯುವುದನ್ನು ಕನ್ನಡದಲ್ಲಿ ಹೇಳಿಕೊಡಿ. ಕೆಲವು ಕಡೆ ಯಂತ್ರದಿಂದ ಬರುವ ಸೂಚನೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ಹಳ್ಳಿಯ ಹಿರಿಯರು ಅದು ಏನೆಂದು ಯೋಚಿಸುವಷ್ಟರಲ್ಲಿ ಚಿತ್ರ ಮುಗಿದಿರುತ್ತದೆ, ಉಸಿರಾಡಿದ್ದರಿಂದ ಮಸುಕಾಗಿರುತ್ತದೆ. ‘ಉಸಿರು ಎಳ್ಕೊಳ್ಳಿ, ಬಿಗಿ ಹಿಡೀರಿ, ಈಗ ಬಿಡಿ’ ಎಂದು ವಾರ ಮೊದಲೇ ದಿನಕ್ಕೆ ನಾಲ್ಕು ಸಲ ಮಾಡಿಸಿ. ಹತ್ತು ಹನ್ನೆರಡು ಎಣಿಸುವವರೆಗೆ ಹಿಡಿದರೆ ಒಳ್ಳೆಯದು, ಆಗದಿದ್ದರೆ ಎಷ್ಟು ಹೊತ್ತು ಆಗುತ್ತದೆ ಎಂದು ಟೆಕ್ನಿಷಿಯನ್‌ಗೆ ಹೇಳಿ. ಕಿವಿ ಕೇಳಿಸದಿದ್ದರೆ ಕೈಸನ್ನೆ ಗೊತ್ತು ಮಾಡಿಕೊಳ್ಳಲು ಕೇಳಿ.

• ಸೂಜಿ ಯಾವ ಕೈಗೆ, ಎಷ್ಟು ದಪ್ಪದ್ದು ಎಂದು ಗಮನಿಸಿ. ಡೈ ಸೆಕೆಂಡಿಗೆ 4–5 ಮಿ.ಲೀ. ವೇಗದಲ್ಲಿ ಹೋಗಬೇಕು. ಅದಕ್ಕೆ ಮೊಣಕೈ ಮಡಿಕೆಯ ಒಳ್ಳೆಯ ನರಕ್ಕೆ ಗುಲಾಬಿ ಅಥವಾ ಹಸಿರು ಬಣ್ಣದ ಕ್ಯಾನುಲಾ ಹಾಕುತ್ತಾರೆ, ಆದಷ್ಟೂ ಬಲಗೈಗೆ. ವಾರ್ಡಿನಲ್ಲಿ ಅಂಗೈ ಹಿಂದೆ ಹಾಕಿದ ತೆಳು ನೀಲಿ ಕ್ಯಾನುಲಾ ಆ ವೇಗಕ್ಕೆ ಸಾಲುವುದಿಲ್ಲ. ಡೈ ಹೋಗುವಾಗ ಮೈಯೆಲ್ಲ ಬೆಚ್ಚಗಾಗುತ್ತದೆ, ಮೂತ್ರ ಹೋಯಿತೇನೋ ಅನ್ನಿಸುತ್ತದೆ, ಬಾಯಿಗೆ ಲೋಹದ ರುಚಿ ಬರುತ್ತದೆ. ಇದನ್ನು ಮೊದಲೇ ಹೇಳಿಟ್ಟರೆ ಬೆಚ್ಚಿ ಅಲುಗಾಡುವುದಿಲ್ಲ. ಆದರೆ ಸೂಜಿ ಚುಚ್ಚಿದ ಜಾಗದಲ್ಲಿ ಉರಿ, ಊತ ಬಂದರೆ ಸಹಿಸಿಕೊಂಡು ಸುಮ್ಮನಿರಬಾರದು, ಕೂಗಿ ಹೇಳಬೇಕು.

• ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಜಾತಿಯ ಮಾತ್ರೆಯ ಬಗ್ಗೆ ಎಚ್ಚರ. ಬ್ಲಾಕ್ ನೋಡುವ ಸಿ.ಟಿ.ಯಲ್ಲಿ ರಕ್ತನಾಳ ಹಿಗ್ಗಲೆಂದು ಅಂಥ ಔಷಧಿ ಕೊಡುವುದುಂಟು. ವಾಲ್ವ್ ತೀವ್ರವಾಗಿ ಬಿಗಿದವರಿಗೆ ಅದರಿಂದ ರಕ್ತದೊತ್ತಡ ಕುಸಿಯಬಹುದು, ಅದಕ್ಕೇ ಕೊಡದಿರುವುದು ವಾಡಿಕೆ. ಬಡಿತ ಇಳಿಸುವ ಔಷಧಿಗೂ ಇದೇ ಎಚ್ಚರ ಬೇಕು. ‘ಇವರಿಗೆ ವಾಲ್ವ್ ಬಿಗಿದಿದೆ, ಇದು ಟಾವಿಗಾಗಿ’ ಎಂಬ ಒಂದು ಮಾತನ್ನು ಸ್ಕ್ಯಾನ್ ಕೋಣೆಯಲ್ಲಿ ಸಿಕ್ಕ ಪ್ರತಿಯೊಬ್ಬರಿಗೂ ಹೇಳಿ. ಸ್ಕ್ಯಾನ್ ಮುಗಿದ ಕೂಡಲೇ ಎಬ್ಬಿಸಿ ನಿಲ್ಲಿಸಬೇಡಿ, ಸ್ವಲ್ಪ ಹೊತ್ತು ಕೂರಿಸಿ ನಿಧಾನ ಇಳಿಸಿ.

ಚಿತ್ರದಲ್ಲಿ ನಾವು ನೋಡುವುದೇನು

• ಎಲ್ಲಕ್ಕಿಂತ ಮೊದಲು ವಾಲ್ವಿನ ಬುಡದ ಉಂಗುರ. ವೈದ್ಯರು ಇದನ್ನು ಆನ್ಯುಲಸ್ ಎನ್ನುತ್ತಾರೆ. ದೇಹದಲ್ಲಿ ಹಾಗೊಂದು ಉಂಗುರ ಎದ್ದು ಕಾಣುವುದಿಲ್ಲ, ಅದನ್ನು ನಾವು ಗುರುತಿಸಬೇಕು. ಕಂಪ್ಯೂಟರ್ ತೆರೆಯ ಮೇಲೆ ಮೂರು ಎಸಳುಗಳ ಅತಿ ತಗ್ಗಿನ ತುದಿಗೆ ಒಂದೊಂದು ಚುಕ್ಕೆ ಇಡುತ್ತೇವೆ. ಮೂರೂ ಚುಕ್ಕೆ ಒಂದೇ ಸಮತಲದಲ್ಲಿ ಕೂರುವವರೆಗೆ ಚಿತ್ರವನ್ನು ಅತ್ತ ಇತ್ತ ವಾಲಿಸುತ್ತಾ ಹೋಗಬೇಕು. ಒಂದು ಚುಕ್ಕೆ ಒಂದೆರಡು ಮಿ.ಮೀ. ಮೇಲೆ ಬಿದ್ದರೂ ಸಮತಲ ಓರೆಯಾಗಿ ಅಳತೆ ಕೆಡುತ್ತದೆ. ಸಮತಲ ಸಿಕ್ಕ ಮೇಲೆ ಅಂಚಿನ ಸುತ್ತ ಗೆರೆ ಎಳೆದು ವಿಸ್ತೀರ್ಣ, ಸುತ್ತಳತೆ, ಉದ್ದಗಲ ಬರೆದುಕೊಳ್ಳುತ್ತೇವೆ. ಅವಸರದಲ್ಲಿ ಆಗುವ ಕೆಲಸ ಅಲ್ಲ.

• ಆ ಉಂಗುರ ದುಂಡಗಿಲ್ಲ, ಮೊಟ್ಟೆಯಾಕಾರ. ಉದಾಹರಣೆಗೆ ಉದ್ದ 27 ಮಿ.ಮೀ., ಅಗಲ 21 ಮಿ.ಮೀ. ಎಂದುಕೊಳ್ಳಿ. ವಿಸ್ತೀರ್ಣ ಸುಮಾರು 445 ಚದರ ಮಿ.ಮೀ. ಆಗುತ್ತದೆ, ದುಂಡಗೆ ಮಾಡಿದರೆ 23.8 ಮಿ.ಮೀ. ವ್ಯಾಸ. ಎದೆಯ ಮೇಲಿಂದ ಮಾಡುವ ಸಾಮಾನ್ಯ ಎಕೊದಲ್ಲಿ ಒಂದೇ ಅಡ್ಡಗೆರೆ ಸಿಗುತ್ತದೆ, ಅದೂ ಹೆಚ್ಚಾಗಿ ಕಿರಿದಾದ ಕಡೆಯದು. 21 ಎಂದು ನಂಬಿದರೆ ಚಿಕ್ಕ ವಾಲ್ವಿನ ಕಡೆಗೆ ವಾಲಬೇಕಾಗುತ್ತದೆ. ಚಿಕ್ಕದಾದರೆ ಪಕ್ಕದಿಂದ ರಕ್ತ ಸೋರುತ್ತದೆ, ಕೆಲವೊಮ್ಮೆ ವಾಲ್ವ್ ಜಾರಿಯೇ ಹೋಗುತ್ತದೆ. ದೊಡ್ಡದಾದರೆ ಉಂಗುರವೇ ಬಿರಿಯುವ ಅಪಾಯ. ಕೈ ಹಿಡಿದು ನೋಡಿ ಎರಡು ನಾಲ್ಕೋ ಎರಡು ಆರೋ ಎಂದು ಬಳೆ ತೆಗೆಯುವ ಬಳೆಗಾರರ ಜಾಣ್ಮೆಯೇ ಇಲ್ಲೂ ಬೇಕು, ಇಲ್ಲಿ ತೊಡಿಸಿದ ಬಳೆಯನ್ನು ಒಡೆದು ತೆಗೆಯುವಂತಿಲ್ಲ ಅಷ್ಟೇ. ಗುಜರಾತಿನ ವಾಪಿಯಲ್ಲಿ ತಯಾರಾಗುವ ಮೈವಾಲ್ ಎಂಬ ಟಾವಿ ವಾಲ್ವ್ 23, 24.5, 26 ಎಂದು ಒಂದೂವರೆ ಮಿ.ಮೀ. ಅಂತರದಲ್ಲೂ ಸಿಗುತ್ತದೆ. ಅಷ್ಟು ನಯವಾದ ಆಯ್ಕೆ ಸಾರ್ಥಕವಾಗಬೇಕಾದರೆ ಅಳತೆಯೂ ಅಷ್ಟೇ ನಯವಾಗಿರಬೇಕು.

• ಹೃದಯ ಹಿಂಡಿದ ಕ್ಷಣದ ಚಿತ್ರ ಬೇಕು. ಉಂಗುರ ಬಡಿತಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ, ರಕ್ತ ಹೊರಚಿಮ್ಮುವ ಹೊತ್ತಿಗೆ ಸಾಮಾನ್ಯವಾಗಿ ಹೆಚ್ಚು ಅಗಲವಾಗಿರುತ್ತದೆ. ಅಳತೆ ಆ ಹೊತ್ತಿನದಾಗಿರಬೇಕು. ಬಡಿತ ತಾಳ ತಪ್ಪುವ ತೊಂದರೆ ಇದ್ದವರಲ್ಲಿ ಇದು ಸ್ವಲ್ಪ ಕಷ್ಟ. ಆ ತೊಂದರೆ ಇದ್ದರೆ ಮೊದಲೇ ತಿಳಿಸಿ, ಅದಕ್ಕೆ ತಕ್ಕ ವಿಧಾನ ಆರಿಸುತ್ತಾರೆ.

• ಸುಣ್ಣ ಎಷ್ಟಿದೆ ಎನ್ನುವುದರ ಜೊತೆಗೆ ಎಲ್ಲಿದೆ ಎಂಬುದೂ ಮುಖ್ಯ. ಎಸಳಿನ ಮೇಲಿನ ಸುಣ್ಣ ಹೊಸ ವಾಲ್ವಿಗೆ ಹಿಡಿತ ಕೊಡುತ್ತದೆ. ಅದೇ ಸುಣ್ಣ ಉಂಗುರದ ಕೆಳಗೆ, ರಕ್ತ ಹೊರಡುವ ದಾರಿಯಲ್ಲಿ ಗಡ್ಡೆ ಕಟ್ಟಿದ್ದರೆ ಸೋರಿಕೆಗೆ ಕಾರಣವಾಗುತ್ತದೆ, ಬಲೂನು ಊದುವಾಗ ಗೋಡೆ ಹರಿಯುವ ಭಯವೂ ಇರುತ್ತದೆ. ಬಲೂನಿನಿಂದ ಅರಳುವ ವಾಲ್ವೋ ತಾನಾಗಿ ಅರಳುವುದೋ ಎಂಬ ತೀರ್ಮಾನಕ್ಕೆ ಇದೂ ಒಂದು ಆಧಾರ. ಎಕೊ ಅಂಕಿಗಳು ಗೊಂದಲದಲ್ಲಿದ್ದಾಗ ಡೈ ಕೊಡುವ ಮುಂಚಿನ ಚಿತ್ರದಲ್ಲಿ ಸುಣ್ಣದ ಅಂಕ ಎಣಿಸುತ್ತಾರೆ. ಹೆಂಗಸರಲ್ಲಿ 1200, ಗಂಡಸರಲ್ಲಿ 2000 ದಾಟಿದರೆ ಕಾಯಿಲೆ ತೀವ್ರವಾಗಿರುವ ಸಾಧ್ಯತೆ ಹೆಚ್ಚು. ಅಮ್ಮನ ಅಂಕ ಅಪ್ಪನದಕ್ಕಿಂತ ಕಡಿಮೆ ಇದೆ, ಚಿಂತೆಯಿಲ್ಲ ಎಂದು ಹೋಲಿಸಬೇಡಿ. ಹೆಂಗಸರಿಗೆ ಕಡಿಮೆ ಸುಣ್ಣದಲ್ಲೇ ವಾಲ್ವ್ ಬಿಗಿಯುತ್ತದೆ.

• ಹೃದಯಕ್ಕೇ ರಕ್ತ ಕೊಡುವ ಕೊರೊನರಿ ನಾಳಗಳ ಬಾಯಿ ಎಷ್ಟು ಎತ್ತರದಲ್ಲಿದೆ ಎಂದು ಕೇಳಿ. ಹೊಸ ವಾಲ್ವ್ ಅರಳಿದಾಗ ಹಳೆಯ ಎಸಳು ಮೇಲಕ್ಕೆ ಗೋಡೆಯ ಕಡೆ ಒತ್ತಿಕೊಳ್ಳುತ್ತದೆ. ನಾಳದ ಬಾಯಿ ಉಂಗುರದಿಂದ 10–12 ಮಿ.ಮೀ.ಗಿಂತ ತಗ್ಗಿನಲ್ಲಿದ್ದು, ಅಲ್ಲಿನ ಮಹಾಪಧಮನಿಯ ಬುಡವೂ 30 ಮಿ.ಮೀ.ಗಿಂತ ಕಿರಿದಾಗಿದ್ದರೆ ಎಸಳು ಆ ಬಾಯಿಯನ್ನು ಮುಚ್ಚಿಬಿಡುವ ಅಪಾಯವಿದೆ. ಹೀಗಾಗುವುದು ವಿರಳ, ಆದರೆ ಹಾಗಾದಲ್ಲಿ ಪ್ರಾಣಕ್ಕೇ ಸಂಚಕಾರ. ಪುಟ್ಟ ಮೈಕಟ್ಟಿನ ಹೆಂಗಸರಲ್ಲಿ ಇದನ್ನು ಇನ್ನೂ ಜೋಪಾನವಾಗಿ ನೋಡುತ್ತೇವೆ. ಮೊದಲೇ ಗೊತ್ತಿದ್ದರೆ ಆ ನಾಳಕ್ಕೆ ತಂತಿ, ಸ್ಟೆಂಟ್ ಸಿದ್ಧವಾಗಿಟ್ಟುಕೊಂಡು ವಾಲ್ವ್ ಕೂರಿಸುತ್ತಾರೆ.

• ಎಸಳು ಮೂರೋ ಎರಡೋ ಎಂಬುದೂ ಸ್ಪಷ್ಟವಾಗಬೇಕು. ನೂರರಲ್ಲಿ ಒಬ್ಬಿಬ್ಬರಿಗೆ ಹುಟ್ಟಿನಿಂದಲೇ ಈ ವಾಲ್ವ್ ಎರಡೆಸಳಿನದು. ಅವರಿಗೆ ಕಾಯಿಲೆ ಬೇಗ ಬರುತ್ತದೆ, ಮಹಾಪಧಮನಿಯೂ ಉಬ್ಬಿರಬಹುದು. ಅಂಥ ವಾಲ್ವಿಗೂ ಟಾವಿ ಮಾಡುತ್ತಾರೆ, ಆದರೆ ಅಳತೆ ಹೆಚ್ಚು ಕಠಿಣ. ಉಬ್ಬು ದೊಡ್ಡದಿದ್ದರೆ ಎದೆ ತೆರೆದು ಎರಡನ್ನೂ ಒಟ್ಟಿಗೆ ಸರಿಪಡಿಸುವುದೇ ಲೇಸಾಗಬಹುದು.

• ತೊಡೆಯಿಂದ ಹೃದಯದವರೆಗಿನ ದಾರಿಯ ಅಗಲ. ಕ್ಯಾತಿಟರ್ ಹೋಗುವ ಕೊಳವೆಗೆ ತೊಡೆಯ ಧಮನಿ ಸಾಮಾನ್ಯವಾಗಿ 5ರಿಂದ 6 ಮಿ.ಮೀ. ಅಗಲ ಇರಬೇಕು, ವಾಲ್ವಿನ ಸೈಜಿಗೆ ತಕ್ಕಂತೆ ಇದು ಬದಲಾಗುತ್ತದೆ. ಅಗಲ ಇದ್ದರೂ ನಾಳ ಹಾವಿನಂತೆ ಸುತ್ತಿಕೊಂಡಿದ್ದರೆ, ಸುತ್ತಲೂ ಸುಣ್ಣ ಕಟ್ಟಿದ್ದರೆ ಕೊಳವೆ ಸಿಕ್ಕಿಕೊಳ್ಳುತ್ತದೆ. ಬೀಡಿ ಸಿಗರೇಟಿನ ಚಟ ಇದ್ದವರು, ಬಹುಕಾಲದ ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಇದನ್ನು ಕೇಳಲೇಬೇಕು. ಎರಡೂ ಕಾಲಿನ ದಾರಿ ಸರಿಯಿಲ್ಲದಿದ್ದರೆ ಭುಜದ ಅಥವಾ ಕತ್ತಿನ ನಾಳದಿಂದ ಹೋಗುವ ದಾರಿಯೂ ಇದೆ. ಅವುಗಳ ಅಳತೆಯೂ ಇದೇ ಸ್ಕ್ಯಾನಿನಲ್ಲಿ ಸಿಗುತ್ತದೆ.

• ಪೇಸ್‌ಮೇಕರ್ ಬೇಕಾದೀತೇ ಎಂದು ಮೊದಲೇ ಕೇಳಿ. ಬಡಿತದ ವಿದ್ಯುತ್ ಎಳೆ ಉಂಗುರದ ಪಕ್ಕದಲ್ಲೇ ಹಾದುಹೋಗುತ್ತದೆ, ಹೊಸ ವಾಲ್ವ್ ಒತ್ತಿದರೆ ಅದು ಕೆಡಬಹುದು. 2019ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ ಮೊದಲ ತಿಂಗಳಲ್ಲೇ ಪೇಸ್‌ಮೇಕರ್ ಬೇಕಾದವರು ಬಲೂನಿನ ವಾಲ್ವಿನಲ್ಲಿ ಶೇ 6.5, ತಾನಾಗಿ ಅರಳುವ ವಾಲ್ವಿನಲ್ಲಿ ಶೇ 17.4. ಇಸಿಜಿಯಲ್ಲಿ ಬಲ ಕವಲಿನ ತಡೆ ಇದ್ದವರಿಗೆ ಸಾಧ್ಯತೆ ಹೆಚ್ಚು. ಅಲ್ಲಿನ ತೆಳು ಪೊರೆಯ ಉದ್ದ ಸಿ.ಟಿ.ಯಲ್ಲಿ ತಿಳಿಯುವುದರಿಂದ ವಾಲ್ವನ್ನು ಎಷ್ಟು ಆಳಕ್ಕೆ ಕೂರಿಸಬೇಕೆಂದು ಯೋಜಿಸಬಹುದು.

ವರದಿ ಕೈಗೆ ಬಂದ ಮೇಲೆ

• ಫಿಲಂ ನಂಬಿಕೊಂಡು ಹೊರಡಬೇಡಿ, ಸಿ.ಡಿ. ಅಥವಾ ಪೆನ್‌ಡ್ರೈವ್ ಪಡೆಯಿರಿ. ಫಿಲಂ ಹಾಳೆಯಲ್ಲಿ ಆರಿಸಿದ ಕೆಲವೇ ಚಿತ್ರಗಳಿರುತ್ತವೆ, ಅದರ ಮೇಲೆ ಉಂಗುರ ಅಳೆಯಲಾಗದು. ಎರಡನೇ ವೈದ್ಯರ ಅಭಿಪ್ರಾಯ ಬೇಕೆನಿಸಿದರೆ ಪೂರ್ತಿ ಚಿತ್ರಗಳು ‘ಡೈಕಾಂ’ ರೂಪದಲ್ಲಿ ಕೈಯಲ್ಲಿರಬೇಕು. ಹೃದಯ ಭಾಗದ ತೆಳು ಪದರಗಳೂ ಅದರಲ್ಲಿ ಇವೆಯೇ ಎಂದು ಕೌಂಟರಿನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ. ವಿದೇಶದಲ್ಲಿರುವ ಮಗನೋ ಮಗಳೋ ಅಲ್ಲಿನ ವೈದ್ಯರಿಗೆ ತೋರಿಸಬೇಕೆಂದರೂ ವಾಟ್ಸಾಪಿನಲ್ಲಿ ಫಿಲಮಿನ ಫೋಟೊ ಕಳಿಸಿದರೆ ಪ್ರಯೋಜನವಿಲ್ಲ.

• ಐದು ಪ್ರಶ್ನೆ ಬರೆದುಕೊಂಡು ಹೋಗಿ. ಉಂಗುರದ ಅಳತೆ ಎಷ್ಟು, ಯಾವ ಸೈಜಿನ ವಾಲ್ವ್ ಯೋಚಿಸಿದ್ದೀರಿ? ಎರಡು ಸೈಜಿನ ನಡುವೆ ಇದೆಯೇ? ಕೊರೊನರಿ ಬಾಯಿಗೆ ಅಪಾಯವಿದೆಯೇ? ದಾರಿ ಯಾವುದು, ಯಾವ ಕಾಲು? ತೊಡಕು ಬಂದರೆ ಮುಂದಿನ ಯೋಜನೆ ಏನು? ವೈದ್ಯರ ಮೇಲೆ ಅಪನಂಬಿಕೆ ಎಂದು ಸಂಕೋಚಪಡಬೇಡಿ. ಚಿತ್ರ ಚೆನ್ನಾಗಿ ಓದಿದ ತಂಡಕ್ಕೆ ಈ ಪ್ರಶ್ನೆಗಳು ಭಾರವಲ್ಲ, ತೆರೆ ತಿರುಗಿಸಿ ತೋರಿಸಿಯೇ ಹೇಳುತ್ತಾರೆ.

• ಬೇರೇನೋ ಕಂಡಿತೆಂದು ಕಂಗಾಲಾಗಬೇಡಿ. ಕತ್ತಿನಿಂದ ತೊಡೆಯವರೆಗೆ ಚಿತ್ರ ತೆಗೆದಾಗ ಹಳೆಯ ಕ್ಷಯದ ಕಲೆ, ಕಿಡ್ನಿಯ ನೀರುಗುಳ್ಳೆ, ಪಿತ್ತಕೋಶದ ಕಲ್ಲು ಕಾಣುವುದು ಸಹಜ. ಕೆಲವೊಮ್ಮೆ ಶ್ವಾಸಕೋಶದಲ್ಲಿ ಗಂಟು ಕಾಣುತ್ತದೆ. ವಾಲ್ವಿಗಿಂತ ಮೊದಲು ನೋಡಬೇಕಾದ್ದು ಯಾವುದು, ಆಮೇಲೆ ನೋಡಿದರೆ ಸಾಕಾದ್ದು ಯಾವುದು, ಏನೂ ಮಾಡಬೇಕಿಲ್ಲದ್ದು ಯಾವುದು ಎಂದು ವೈದ್ಯರಿಂದಲೇ ಮೂರು ಗುಂಪು ಮಾಡಿಸಿಕೊಳ್ಳಿ. ಅರ್ಥವಾಗದ ಸಾಲನ್ನು ಹಿರಿಯರ ಮುಂದೆ ಜೋರಾಗಿ ಓದಬೇಡಿ.

• ‘ಟಾವಿ ಬೇಡ’ ಎಂದರೂ ಸ್ಕ್ಯಾನ್ ವ್ಯರ್ಥವಾಯಿತೆಂದು ಕೊರಗಬೇಡಿ. ಅಪಾಯವನ್ನು ಮೇಜಿನ ಮೇಲೆ ಮಲಗಿಸಿದ ಮೇಲೆ ಕಾಣುವುದಕ್ಕಿಂತ ಮೊದಲೇ ಕಂಡದ್ದು ದೊಡ್ಡ ಉಪಕಾರ. ಅಮೆರಿಕದ ಹೃದ್ರೋಗ ಸಂಘಗಳ 2020ರ ಸೂಚಿಯಂತೆ 65ರ ಒಳಗಿನವರಿಗೆ ಸಾಮಾನ್ಯವಾಗಿ ತೆರೆದ ಶಸ್ತ್ರಚಿಕಿತ್ಸೆ, 80 ದಾಟಿದವರಿಗೆ ಟಾವಿ, ನಡುವಿನವರಿಗೆ ಚರ್ಚಿಸಿ ತೀರ್ಮಾನ. ಆ ಚರ್ಚೆಯಲ್ಲಿ ಸರ್ಜನ್ ಕೂಡ ಕೂತಿರಲಿ ಎಂದು ಕೇಳುವ ಹಕ್ಕು ನಿಮಗಿದೆ.

• ಸಿ.ಡಿ.ಯನ್ನು ಮನೆಪತ್ರದಷ್ಟೇ ಜೋಪಾನ ಮಾಡಿ. ಹೊಸ ವಾಲ್ವ್ ಕೂಡ ಮುಂದೆ ಸವೆಯಬಹುದು, ಅದರೊಳಗೆ ಇನ್ನೊಂದು ಕೂರಿಸಬೇಕಾಗಬಹುದು, ಕೊರೊನರಿಗೆ ಸ್ಟೆಂಟ್ ಬೇಕಾಗಬಹುದು. ಆಗ ಮೂಲ ಅಳತೆ ಕೈಯಲ್ಲಿದ್ದರೆ ಕೆಲಸ ಸಲೀಸು. ವಾಲ್ವಿನ ಹೆಸರು, ಸೈಜು ಬರೆದ ಕಾರ್ಡನ್ನೂ ಅದರ ಜೊತೆಗಿಡಿ.

• ಅವಸರ ಬೇಡ, ಆದರೆ ಕಾಯಿಸಲೂ ಬೇಡಿ. ಫ್ರಾನ್ಸಿನ ರುಆನ್ ನಗರದಲ್ಲಿ ಆಲಾಂ ಕ್ರಿಬಿಯೆ 2002ರ ಏಪ್ರಿಲ್ 16ರಂದು ಮನುಷ್ಯರಲ್ಲಿ ಮೊದಲ ಬಾರಿಗೆ ಈ ರೀತಿ ವಾಲ್ವ್ ಕೂರಿಸಿದಾಗ ಇಂಥ ಅಳತೆಯ ಸೌಕರ್ಯ ಇರಲಿಲ್ಲ. ಇಂದು ಇದೆ, ಅದನ್ನು ಪೂರ್ತಿ ಬಳಸಿಕೊಳ್ಳಿ. ಹಾಗೆಂದು ಹಬ್ಬ ಮುಗಿಯಲಿ, ಮದುವೆ ಮುಗಿಯಲಿ ಎಂದು ತಿಂಗಳುಗಟ್ಟಲೆ ಮುಂದೂಡಬೇಡಿ. 2010ರಲ್ಲಿ ಪ್ರಕಟವಾದ ಪಾರ್ಟ್‌ನರ್ ಅಧ್ಯಯನದಲ್ಲಿ ತೆರೆದ ಶಸ್ತ್ರಚಿಕಿತ್ಸೆ ತಾಳಲಾರದವರ ಪೈಕಿ ಟಾವಿ ಆಗದವರಲ್ಲಿ ಶೇ 50.7 ಮಂದಿ ಒಂದೇ ವರ್ಷದಲ್ಲಿ ತೀರಿಕೊಂಡರು, ಟಾವಿ ಆದವರಲ್ಲಿ ಶೇ 30.7. ಸುಸ್ತು, ಎದೆನೋವು, ತಲೆಸುತ್ತಿ ಬೀಳುವುದು ಶುರುವಾಗಿದ್ದರೆ ಆ ದಿನವೇ ತಂಡಕ್ಕೆ ಫೋನ್ ಮಾಡಿ. ಇಲ್ಲದಿದ್ದರೆ ಈ ವಾರ ಕಿಡ್ನಿಯ ರಕ್ತಪರೀಕ್ಷೆ ಮಾಡಿಸಿ, ಸ್ಕ್ಯಾನಿಗೆ ದಿನ ಗೊತ್ತು ಮಾಡಿ, ಕಾಯುವ ದಿನಗಳಲ್ಲಿ ಹಲ್ಲಿನ ವೈದ್ಯರಿಗೆ ತೋರಿಸಿ ಹುಳುಕು, ಕೀವು ಇದ್ದರೆ ಸರಿಪಡಿಸಿ. ಚಿತ್ರ ಬಂದ ಕೂಡಲೇ ಐದು ಪ್ರಶ್ನೆಗಳ ಚೀಟಿ ಹಿಡಿದು ವೈದ್ಯರ ಮುಂದೆ ಕೂರಿ.